ಅಭಿಮಾನವೂ ಚಾಡಿಯೂ

‘ಅಭಿಮಾನ’ ಎಂಬುದು ವಿಚಿತ್ರವಾದ ಶಬ್ದ. ಸಂಸ್ಕೃತದಲ್ಲಿ ‘ನಾನು’, ‘ನನ್ನದು’ ಎಂಬ ಭಾವಕ್ಕೆ ಅದು ತೀರ ಸಮೀಪದ್ದು. ಅಹಂಕಾರಕ್ಕೆ ಹತ್ತಿರದ ನೆಂಟ. ಕನ್ನಡದ ಬಾಯಿಗೆ ಬಂದಮೇಲೆ ಅದು ಬಹುಮಟ್ಟಿಗೆ ಮೆದುವಾಗಿ, ಪ್ರೀತಿ, ಗೌರವ, ಮೆಚ್ಚಿಕೆ ಎಂಬ ಅರ್ಥಗಳನ್ನು ಪಡೆದುಕೊಂಡಿತು. ಡಾ. ರಾಜಕುಮಾರರು ತಮ್ಮ ಪ್ರೇಕ್ಷಕರನ್ನು ‘ಅಭಿಮಾನಿ ದೇವರುಗಳು’ ಎಂದು ಕರೆದಾಗ ಆ ಶಬ್ದಕ್ಕೆ ದೊರೆಯಬಹುದಾದ ಅತ್ಯುಚ್ಚ ಪದವಿ ದೊರೆಯಿತೆನ್ನಬೇಕು. ಆದರೆ ಹಳೆಯ ಅರ್ಥ ಸತ್ತಿರಲಿಲ್ಲ. ಸಾಮಾಜಿಕ ಜಾಲತಾಣಗಳ ಈ ಕಾಲದಲ್ಲಿ ಅದು ಮತ್ತೆ ತಲೆಯೆತ್ತಿದೆ. ನನ್ನ ನಟ, ನನ್ನ ಕಥೆ, ನನ್ನ ಜೋಡಿ ಎಂಬ ಮಮಕಾರ ಎಲ್ಲಿಗೆ ಮುಟ್ಟಬಲ್ಲುದು, ಅದರ ಬೆಲೆಯನ್ನು ಕೊನೆಗೆ ತೆರುವವರು ಯಾರು ಎಂಬುದಕ್ಕೆ 2020ರ ಮೊದಲ ತಿಂಗಳುಗಳಲ್ಲಿ ಚೀನದಲ್ಲಿ ನಡೆದ ಪ್ರಸಂಗವೊಂದು ಒಳ್ಳೆಯ ನಿದರ್ಶನ. ಸಲಿಂಗಾನುರಾಗಿಗಳ ಬದುಕು, ಜನಪ್ರಿಯ ಕಲೆ, ಅಭಿಮಾನಿಗಳ ಆವೇಶ ಈ ಮೂರೂ ಅಲ್ಲಿ ಒಂದೇ ಗಂಟಿನಲ್ಲಿ ಸಿಕ್ಕಿಕೊಂಡಿದ್ದವು.

ಪ್ರಸಂಗಕ್ಕೆ ಬರುವ ಮುನ್ನ ಅದರ ಪೂರ್ವಕಥೆಯನ್ನು ಸ್ವಲ್ಪ ಹೇಳಬೇಕಾಗುತ್ತದೆ. ತಾವು ಮೆಚ್ಚಿದ ಕಾದಂಬರಿ, ಚಲನಚಿತ್ರ, ಧಾರಾವಾಹಿಗಳ ಪಾತ್ರಗಳನ್ನು ತೆಗೆದುಕೊಂಡು ಅಭಿಮಾನಿಗಳು ತಾವೇ ಹೊಸ ಕಥೆಗಳನ್ನು ಕಟ್ಟುವುದು, ಚಿತ್ರಗಳನ್ನು ಬರೆಯುವುದು ಇಂದು ಪ್ರಪಂಚದಾದ್ಯಂತ ನಡೆಯುತ್ತಿದೆ. ಹಣದ ಆಸೆಯಿಲ್ಲದೆ, ಕಲ್ಪಿತ ನಾಮಗಳಲ್ಲಿ, ಬಹುಪಾಲು ಹೆಂಗಸರೇ ನಡೆಸಿಕೊಂಡು ಬಂದಿರುವ ಉದ್ಯಮವಿದು. ಸಾಹಿತ್ಯವೆಂದರೆ ಸ್ವೋಪಜ್ಞತೆ ಎಂದು ತಿಳಿದವರು ಇದನ್ನು ಹಗುರಾಗಿ ಕಾಣಬಹುದು. ಆದರೆ ಕನ್ನಡಿಗರಾದ ನಾವು ಹಾಗೆ ಮೂಗು ಮುರಿಯುವುದು ಉಚಿತವಲ್ಲ. ವ್ಯಾಸರ ಕಥೆಯನ್ನು ಕೈಗೆತ್ತಿಕೊಂಡು, ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನಲ್ಲಿ ಬೆರೆಸಿ, ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆಮಾಡಿ, ಕಡೆಗೆ ಸುಭದ್ರೆಗೆ ಪಟ್ಟ ಕಟ್ಟಿದ ಪಂಪನೇ ನಮ್ಮ ಆದಿಕವಿ. ಬದುಕಿದ್ದ ಮನುಷ್ಯನನ್ನು ಹಳೆಯ ಕಥೆಯೊಳಕ್ಕೆ ತಂದು ನಿಲ್ಲಿಸುವುದೂ, ತನಗೊಪ್ಪಿದ ಜೋಡಿಯನ್ನು ಕೂಡಿಸುವುದೂ ನಮಗೆ ಸಾವಿರ ವರ್ಷಗಳಿಂದ ಪರಿಚಿತವೇ. ತಾಳಮದ್ದಳೆಯ ಅರ್ಥಧಾರಿಗಳು ಒಂದೇ ಪ್ರಸಂಗವನ್ನು ರಾತ್ರಿಗೊಂದು ಬಗೆಯಾಗಿ ಬೆಳೆಸುವುದನ್ನು ಕೇಳಿದವರಿಗಂತೂ ಇದನ್ನು ವಿವರಿಸಬೇಕಾದ್ದೇ ಇಲ್ಲ.

ಈ ಅಭಿಮಾನಿ ಸಾಹಿತ್ಯದಲ್ಲಿ ಗಂಡು ಗಂಡಿನ ಪ್ರೇಮ ಮೊದಲಿನಿಂದಲೂ ಒಂದು ಮುಖ್ಯ ವಸ್ತು. ಅಮೆರಿಕದ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಕರ್ಕ್ ಮತ್ತು ಸ್ಪಾಕ್ ಎಂಬ ಇಬ್ಬರು ಗೆಳೆಯರನ್ನು ಪ್ರೇಮಿಗಳನ್ನಾಗಿ ಕಲ್ಪಿಸಿದ ಕಿರುಬರಹವೊಂದು 1974ರಲ್ಲಿ ಅಭಿಮಾನಿಗಳ ಖಾಸಗಿ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅಲ್ಲಿಂದ ಆ ಧಾರೆ ಬತ್ತಿಲ್ಲ. ಸ್ತ್ರೀಯರು ಇದನ್ನೇಕೆ ಬರೆಯುತ್ತಾರೆ ಎಂಬ ಪ್ರಶ್ನೆಗೆ ಪಂಡಿತರು ಹಲವು ಉತ್ತರಗಳನ್ನು ಕೊಟ್ಟಿದ್ದಾರೆ. ಹೆಣ್ಣೆಂಬ ಕಾರಣದಿಂದ ಒಬ್ಬರು ಇನ್ನೊಬ್ಬರಿಗೆ ಕೀಳಾಗಬೇಕಿಲ್ಲದ ಪ್ರೇಮವನ್ನು ಅವರು ಹೀಗೆ ಕಲ್ಪಿಸಿಕೊಂಡರು ಎಂಬುದು ನಮಗೆ ಹೆಚ್ಚು ಒಪ್ಪಿಗೆಯಾಗುವಂಥದು. ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ಇದು ಸಲಿಂಗಾನುರಾಗಿಗಳೇ ತಮ್ಮ ಬಾಳನ್ನು ಕುರಿತು ಬರೆದುಕೊಂಡ ಸಾಹಿತ್ಯವೆಂದು ತಿಳಿಯುವುದು ತಪ್ಪು. ಅವರಲ್ಲಿ ಕೆಲವರಿಗೆ ಇದು ಸೇರುವುದೂ ಇಲ್ಲ. ಆದರೂ ತಮ್ಮ ಮನಸ್ಸಿನ ಒಲವಿಗೆ ಸುತ್ತಮುತ್ತ ಎಲ್ಲಿಯೂ ಹೆಸರೇ ಇಲ್ಲದ ಊರುಗಳಲ್ಲಿ ಬೆಳೆದ ಎಷ್ಟೋ ಹುಡುಗ ಹುಡುಗಿಯರಿಗೆ ಈ ಹವ್ಯಾಸಿ ಕಥೆಗಳೇ ಮೊದಲ ಕನ್ನಡಿಯಾದವು.

2007ರ ಮೇ ತಿಂಗಳಿನಲ್ಲಿ, ಆಗ ಈ ಬರಹಗಾರರೆಲ್ಲ ನೆಲಸಿದ್ದ ‘ಲೈವ್‌ಜರ್ನಲ್’ ಎಂಬ ತಾಣ, ಶೀಲರಕ್ಷಣೆಯ ಹೆಸರಿನ ಗುಂಪೊಂದರ ದೂರಿಗೆ ಹೆದರಿ ಸುಮಾರು 500 ಖಾತೆಗಳನ್ನು ಒಮ್ಮೆಗೇ ಮುಚ್ಚಿಬಿಟ್ಟಿತು. ಮುಚ್ಚಿಹೋದವುಗಳಲ್ಲಿ ಕಥೆಗಾರರ ಕೂಟಗಳಿದ್ದಂತೆ, ಅತ್ಯಾಚಾರಕ್ಕೆ ಸಿಕ್ಕಿ ಬದುಕುಳಿದವರು ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಳ್ಳುತ್ತಿದ್ದ ಕೂಟಗಳೂ ಇದ್ದವು. ಕಂಪನಿ ಆಮೇಲೆ ಕ್ಷಮೆ ಬೇಡಿತು. ಆದರೆ ಬಾಡಿಗೆಯ ಮನೆಯಲ್ಲಿ ಎಷ್ಟು ದಿನವಿದ್ದರೂ ಮನೆ ತಮ್ಮದಾಗದೆಂದು ಹೆಂಗಸರು ಅರಿತುಕೊಂಡಿದ್ದರು. ಅದೇ ವರ್ಷ ಸ್ಥಾಪಿತವಾದ ಅವರ ಸಂಸ್ಥೆ 2009ರ ನವೆಂಬರ್‌ನಲ್ಲಿ ಸ್ವಂತದ ಗ್ರಂಥಭಂಡಾರವೊಂದನ್ನು ತೆರೆಯಿತು. ಅದರ ಹೆಸರು ‘ಆರ್ಕೈವ್ ಆಫ್ ಅವರ್ ಓನ್’. ವರ್ಜೀನಿಯಾ ವುಲ್ಫಳ ಪ್ರಸಿದ್ಧ ಪ್ರಬಂಧದ ಹೆಸರಿನ ನೆರಳು ಅದರಲ್ಲಿದೆ. ಜಾಹೀರಾತಿಲ್ಲ, ಶುಲ್ಕವಿಲ್ಲ, ದಾನದ ಹಣದಿಂದ, ಸ್ವಯಂಸೇವಕರ ದುಡಿಮೆಯಿಂದ ನಡೆಯುತ್ತದೆ. ಕಾನೂನಿಗೆ ವಿರುದ್ಧವಲ್ಲದ ಯಾವ ಕಥೆಯನ್ನೂ ಅಲ್ಲಿ ತಳ್ಳಿಹಾಕುವುದಿಲ್ಲ. ಒಳಗೇನಿದೆ ಎಂಬ ಎಚ್ಚರಿಕೆಯನ್ನು ಕಥೆಯ ಹೊರಮೈಮೇಲೆಯೇ ಅಂಟಿಸಿ, ಓದುವುದನ್ನೂ ಬಿಡುವುದನ್ನೂ ಓದುಗನಿಗೆ ಬಿಟ್ಟಿರುತ್ತಾರೆ. 2019ರಲ್ಲಿ ಡಬ್ಲಿನ್ ನಗರದಲ್ಲಿ ಇಡೀ ಭಂಡಾರಕ್ಕೇ ಹ್ಯೂಗೊ ಪ್ರಶಸ್ತಿ ಬಂದಿತು. ಇಂದು ಅಲ್ಲಿರುವ ಕೃತಿಗಳ ಸಂಖ್ಯೆ ಒಂದು ಕೋಟಿಯನ್ನು ಮೀರಿದೆ. ದೂರಿನ ಭಯದಿಂದ ಹುಟ್ಟಿದ ಈ ಮನೆಗೆ ಚೀನದಲ್ಲಿ ಬೀಗ ಬಿದ್ದುದು ಸಹ ದೂರಿನಿಂದಲೇ.

ಚೀನದಲ್ಲಿ ಈ ಬಗೆಯ ಪ್ರೇಮಕಥೆಗಳಿಗೆ ‘ದಾನ್‌ಮೇ’ ಎಂದು ಹೆಸರು. ಸೌಂದರ್ಯದಲ್ಲಿ ಮೈಮರೆಯುವುದು ಎಂಬುದು ಅದರ ಅರ್ಥ. ಮಾತು ಮೂಲತಃ ಜಪಾನಿನಿಂದ ಬಂದದ್ದು. 2003ರಲ್ಲಿ ಆರಂಭವಾದ ‘ಜಿನ್‌ಜಿಯಾಂಗ್’ ಎಂಬ ಸಾಹಿತ್ಯತಾಣ ಇವುಗಳಿಗೆ ತವರುಮನೆ. ಅಲ್ಲಿ 2015ರಿಂದ ಕಂತುಕಂತಾಗಿ ಹೊರಬಂದ ಕಾದಂಬರಿಯೊಂದನ್ನು ಆಧರಿಸಿದ 50 ಕಂತುಗಳ ಧಾರಾವಾಹಿ ‘ದಿ ಅನ್‌ಟೇಮ್ಡ್’ 2019ರ ಬೇಸಗೆಯಲ್ಲಿ ಪ್ರದರ್ಶನಗೊಂಡು ದೇಶವಿದೇಶಗಳಲ್ಲಿ ಮನೆಮಾತಾಯಿತು. ಮೂಲದಲ್ಲಿ ಪ್ರೇಮಿಗಳಾಗಿದ್ದ ನಾಯಕರಿಬ್ಬರು ತೆರೆಯ ಮೇಲೆ ಆತ್ಮಸಖರಾಗಿದ್ದರು. ನಿಯಂತ್ರಣಾಧಿಕಾರಿಗಳ ಕತ್ತರಿಗೆ ಅಷ್ಟು ತಲೆಬಾಗದೆ ವಿಧಿಯಿರಲಿಲ್ಲ. ಪ್ರೇಕ್ಷಕರೇನೂ ಮೋಸಹೋಗಲಿಲ್ಲ. ಒಂದು ನೋಟ, ಒಂದು ಕೊಳಲಿನ ಸ್ವರ, ಒಂದು ಹಣೆಪಟ್ಟಿಯ ಅರ್ಥವನ್ನು ಬಲ್ಲವರು ಬಲ್ಲಂತೆ ತಿಳಿದುಕೊಂಡರು. ನಮ್ಮ ಆಲಂಕಾರಿಕರು ಧ್ವನಿಯೆಂದು ಹೇಳಿದ್ದು ಇಂಥದನ್ನೇ ಅಲ್ಲವೆ? ವಾಚ್ಯಕ್ಕೆ ಬೇಲಿ ಹಾಕಿದಲ್ಲಿ ವ್ಯಂಗ್ಯ ಸೊಂಪಾಗಿ ಬೆಳೆಯುತ್ತದೆ. ನಾಯಕರಿಬ್ಬರಲ್ಲಿ ಒಬ್ಬನ ಪಾತ್ರ ವಹಿಸಿದ ಷಿಯಾವೊ ಜಾನ್ ಎಂಬ ತರುಣ ಆ ಒಂದು ಬೇಸಗೆಯಲ್ಲಿ ಚೀನದ ಅತಿ ದೊಡ್ಡ ತಾರೆಗಳ ಸಾಲಿಗೆ ಸೇರಿದ; ಜೊತೆಗಾರ ವಾಂಗ್ ಯಿಬೊನೂ ಅಷ್ಟೇ.

ತಾರೆಯೊಬ್ಬನಿಗೆ ಒಂದೇ ಬಗೆಯ ಅಭಿಮಾನಿಗಳಿರುವುದಿಲ್ಲ. ಇಬ್ಬರನ್ನೂ ಜೋಡಿಯಾಗಿ ಕಂಡು ಕಥೆ ಕಟ್ಟುವವರು ಒಂದು ಪಂಗಡ. ತಮ್ಮ ನಟನೊಬ್ಬನನ್ನೇ ಆರಾಧಿಸಿ, ಜೊತೆಗಾರನ ಹೆಸರು ಕಿವಿಗೆ ಬಿದ್ದರೂ ಸಿಡಿಮಿಡಿಗೊಳ್ಳುವವರು ಇನ್ನೊಂದು. ಈ ಎರಡನೆಯ ಪಂಗಡದ ಶಿಸ್ತು ಸೈನ್ಯಕ್ಕೂ ತಕ್ಕುದು. ‘ವೀಬೊ’ ಎಂಬ ಜಾಲತಾಣದಲ್ಲಿ ತಾರೆಗಳಿಗೆ ಅಂಕಪಟ್ಟಿಯಿತ್ತು. ದಿನವೂ ಹೋಗಿ ಹಾಜರಿ ಹಾಕಬೇಕು, ಎಣಿಕೆ ಹೆಚ್ಚಿಸಬೇಕು. ನಟನನ್ನು ಕುರಿತ ಯಾವ ಬರಹದ ಕೆಳಗಾದರೂ ಪ್ರಶಂಸೆಯೇ ಮೇಲೆ ಕಾಣುವಂತೆ ಮಾಡಬೇಕು. ನಿಂದೆ ಕಂಡರೆ ಗುಂಪಾಗಿ ದೂರು ಸಲ್ಲಿಸಬೇಕು. ದೂರು ಕೊಡುವುದಕ್ಕೆ ‘ಜುಬಾವೊ’ ಎಂದು ಹೆಸರು. ಯಾವ ಗುಂಡಿ ಒತ್ತಬೇಕು, ಯಾವ ಕಾನೂನಿನ ಹೆಸರು ಹೇಳಬೇಕು ಎಂಬುದನ್ನು ಹಿರಿಯ ಅಭಿಮಾನಿಗಳು ಕಿರಿಯರಿಗೆ ಕಲಿಸಿಕೊಡುತ್ತಿದ್ದರು. ಈ ಎಣಿಕೆಯ ಹುಚ್ಚು ಎಷ್ಟು ದೂರ ಹೋಯಿತೆಂದರೆ, 2021ರ ಮೇ ತಿಂಗಳಲ್ಲಿ, ಗಾಯನಸ್ಪರ್ಧೆಯೊಂದರಲ್ಲಿ ಮತ ಹಾಕಲು ಬೇಕಾದ ಗುರುತು ಹಾಲಿನ ಬಾಟಲಿಯ ಮುಚ್ಚಳದಲ್ಲಿತ್ತೆಂಬ ಕಾರಣಕ್ಕೆ ಹಾಲನ್ನು ರಾಶಿರಾಶಿಯಾಗಿ ಕೊಂಡು, ಮುಚ್ಚಳವಿಟ್ಟುಕೊಂಡು, ಹಾಲನ್ನು ಚರಂಡಿಗೆ ಸುರಿಸಿದರು. ಆ ದೃಶ್ಯ ಹೊರಬಿದ್ದಮೇಲೆ ಸ್ಪರ್ಧೆಯನ್ನೇ ನಿಲ್ಲಿಸಬೇಕಾಯಿತು. ಕಟೌಟಿಗೆ ಕ್ಷೀರಾಭಿಷೇಕ ಮಾಡುವುದನ್ನು ನೋಡಿರುವ ನಾವು ಬೇರೆಯವರನ್ನು ನಗುವಂತಿಲ್ಲ. ಆದರೂ ನಮ್ಮಲ್ಲಿ ಹಾಲು ದೇವರ ಮೇಲಾದರೂ ಬೀಳುತ್ತದೆ.

ಈಗ 2020ರ ಫೆಬ್ರವರಿ. ಸಾಂಕ್ರಾಮಿಕದಿಂದಾಗಿ ಚೀನದ ಜನರೆಲ್ಲ ಮನೆಯೊಳಗೆ ಕುಳಿತಿದ್ದ ಕಾಲ. ಆಗ ಒಬ್ಬ ಹವ್ಯಾಸಿ ಬರಹಗಾರರು ಈ ಇಬ್ಬರು ನಟರ ಹೆಸರಿನಲ್ಲಿಯೇ ಒಂದು ಕಲ್ಪಿತ ಕಥೆ ಬರೆದು ಆ ಗ್ರಂಥಭಂಡಾರದಲ್ಲಿಟ್ಟು, ಅದರ ಕೊಂಡಿಯನ್ನು ವೀಬೊದಲ್ಲಿ ಹಾಕಿದರು. ಕಥೆಯಲ್ಲಿ ಷಿಯಾವೊ ಜಾನ್ ಹೆಣ್ಣುಡುಗೆ ತೊಟ್ಟು ಮೈ ಮಾರಿ ಬದುಕುವ ವ್ಯಕ್ತಿ. ಮತ್ತೊಬ್ಬ ಇನ್ನೂ ಶಾಲೆಯಲ್ಲಿರುವ ಹುಡುಗ. ನಟನ ಏಕನಿಷ್ಠ ಅಭಿಮಾನಿಗಳು ಕೆರಳಿದರು. ತಮ್ಮ ದೇವರಿಗೆ ಅಪಚಾರವಾಯಿತೆಂದು ತಾಣಗಳಿಗೂ ಸರ್ಕಾರದ ಇಲಾಖೆಗಳಿಗೂ ಸಾಮೂಹಿಕವಾಗಿ ದೂರು ಬರೆದರು. ಅಂತರಜಾಲದ ಬರಹಗಳನ್ನು ಬಿಗಿಗೊಳಿಸುವ ಹೊಸ ನಿಯಮಗಳು ಮಾರ್ಚ್ 1ರಿಂದ ಜಾರಿಗೆ ಬರಲಿದ್ದವು. ಹಸಿದ ಹುಲಿಗೆ ದಾರಿ ತೋರಿಸಿದಂತಾಯಿತು. ಫೆಬ್ರವರಿ 29ರಂದು ಇಡೀ ಭಂಡಾರ ಚೀನದಲ್ಲಿ ಮುಚ್ಚಿಹೋಯಿತು. ಒಂದು ಕಥೆಯ ಮೇಲಿನ ಕೋಪಕ್ಕೆ ಒಂದು ಗ್ರಂಥಾಲಯವೇ ಆಹುತಿ. ವಿವಾದ ಭುಗಿಲೆದ್ದ ಫೆಬ್ರವರಿ 27ರಿಂದ ಈ ಪ್ರಸಂಗಕ್ಕೆ ‘227’ ಎಂದೇ ಹೆಸರಾಗಿದೆ.

ಅಭಿಮಾನಿಗಳ ಆಕ್ಷೇಪಣೆಯಲ್ಲಿ ಹುರುಳೇ ಇರಲಿಲ್ಲವೆಂದು ಹೇಳುವುದು ನ್ಯಾಯವಲ್ಲ. ಬದುಕಿರುವ ಮನುಷ್ಯನ ಹೆಸರನ್ನು ಅವನ ಅನುಮತಿಯಿಲ್ಲದೆ ಕಾಮಕಥೆಗೆ ಬಳಸಿಕೊಳ್ಳುವುದು ಸರಿಯೆ? ಕಲ್ಪನೆಯಲ್ಲಿಯೇ ಆದರೂ ಅಪ್ರಾಪ್ತವಯಸ್ಕನನ್ನು ತರಬಹುದೆ? ಇವು ಗಂಭೀರವಾದ ಪ್ರಶ್ನೆಗಳು. ಬರಹಗಾರರ ಕೂಟಗಳಲ್ಲಿಯೇ ಇವನ್ನು ಕುರಿತು ತೀವ್ರವಾದ ಭಿನ್ನಾಭಿಪ್ರಾಯವಿದೆ. ಆದರೆ ಅಂದಿನ ಕೋಪದ ಕೆಂಡ ಇದ್ದದ್ದು ಇಷ್ಟರಲ್ಲಿಯೇ ಅಲ್ಲ. ‘ನಮ್ಮ ನಾಯಕನನ್ನು ಹೆಣ್ಣಿಗನನ್ನಾಗಿ ಮಾಡಿದರು’ ಎಂಬುದು ಅದರಲ್ಲಿ ದೊಡ್ಡ ಪಾಲು. ನಟನನ್ನು ಸ್ತ್ರೀಭಾವದಲ್ಲಿ ಕಲ್ಪಿಸುವುದಕ್ಕೆ ಅಭಿಮಾನಿಗಳ ಪರಿಭಾಷೆಯಲ್ಲಿ ಒಂದು ಪ್ರತ್ಯೇಕ ಪದವೇ ಇತ್ತು. ಅದು ಏಕನಿಷ್ಠರಿಗೆ ಅಸಹ್ಯ. ಗಂಡು ಗಂಡಿನ ಪ್ರೇಮದ ಕಥೆಯಿಂದಲೇ ಮೇಲೆ ಬಂದ ನಟನ ಆರಾಧಕರಿಗೆ, ಆ ಪ್ರೇಮದ ನೆರಳೂ ಆ ಗಂಡಿನಲ್ಲಿ ಹೆಣ್ಣಿನ ಛಾಯೆಯೂ ತಮ್ಮ ದೇವರ ಮೇಲೆ ಬೀಳಬಾರದು! ಶರಣಸತಿ ಲಿಂಗಪತಿ ಎಂದು ಗಂಡಸರೇ ತಮ್ಮನ್ನು ಹೆಣ್ಣಾಗಿ ಭಾವಿಸಿಕೊಂಡು ಹಾಡಿದ ನಾಡಿನಿಂದ ನೋಡಿದಾಗ ಈ ಮಡಿವಂತಿಕೆ ಬಡತನವೆನಿಸುತ್ತದೆ. ಆದರೆ ಈ ನಾಡಿನಲ್ಲಿಯೂ ಹಾಡಿನಲ್ಲಿ ಒಪ್ಪಿಕೊಂಡದ್ದನ್ನು ಬೀದಿಯಲ್ಲಿ ಒಪ್ಪಿಕೊಂಡಿದ್ದೇವೆಂದು ಎದೆತಟ್ಟಿ ಹೇಳುವ ಸ್ಥಿತಿಯಲ್ಲಿ ನಾವಿಲ್ಲ.

ಒಂದೂವರೆ ವರ್ಷದ ಮೇಲೆ, 2021ರ ಸೆಪ್ಟೆಂಬರ್ 2ರಂದು, ಚೀನದ ರೇಡಿಯೊ–ದೂರದರ್ಶನ ಆಡಳಿತ ಹೊರಡಿಸಿದ ಸುತ್ತೋಲೆಯಲ್ಲಿ ‘ನ್ಯಾಂಗ್‌ಪಾವೊ’ ಎಂಬ ಬೈಗುಳ ಸರ್ಕಾರದ ಅಧಿಕೃತ ಶಬ್ದವಾಗಿ ಕಾಣಿಸಿಕೊಂಡಿತು. ಹೆಣ್ಣಿಗತನದ ಗಂಡಸು ಎಂಬುದು ಅದರ ಭಾವ. ಅಂಥವರ ಸೌಂದರ್ಯಕಲ್ಪನೆಯನ್ನು ಪರದೆಯಿಂದ ನಿರ್ಮೂಲ ಮಾಡಬೇಕೆಂದು ಆಜ್ಞೆಯಾಯಿತು. ಅಭಿಮಾನಿಗಳ ದೂರಿನಿಂದಲೇ ಈ ಆಜ್ಞೆ ಹುಟ್ಟಿತೆಂದು ನಾವು ಹೇಳುವುದಿಲ್ಲ; ರಾಜ್ಯಕ್ಕೆ ತನ್ನದೇ ಆದ ಕಾರಣಗಳಿದ್ದವು. ಆದರೆ ದೂರಿನ ಭಾಷೆಯೂ ಆಜ್ಞೆಯ ಭಾಷೆಯೂ ಎಷ್ಟು ಸಲೀಸಾಗಿ ಒಂದಾದವು ಎಂಬುದನ್ನು ಗಮನಿಸಬೇಕು. ವ್ಯಂಗ್ಯವೆಂದರೆ, ಅದಕ್ಕೆ ಒಂದು ವಾರ ಮುಂಚೆ ಬಂದ ಇನ್ನೊಂದು ಆಜ್ಞೆ ತಾರೆಗಳ ಅಂಕಪಟ್ಟಿಗಳನ್ನೇ ರದ್ದು ಮಾಡಿ, ಅಭಿಮಾನಿ ಸೈನ್ಯಗಳ ಮೇಲೂ ಲಗಾಮು ಹಾಕಿತ್ತು. ಚಾಡಿ ಕೇಳಿದ ದೊರೆ ಚಾಡಿಕೋರನನ್ನು ಉಳಿಸಿಕೊಳ್ಳಲಿಲ್ಲ. ದಾನ್‌ಮೇ ಕಥೆಗಳನ್ನು ಆಧರಿಸಿ ಚಿತ್ರೀಕರಣ ಮುಗಿಸಿದ್ದ ಧಾರಾವಾಹಿಗಳು ತೆರೆ ಕಾಣದೆ ಪೆಟ್ಟಿಗೆ ಸೇರಿದವು.

ಇನ್ನು ಎದುರು ಪಕ್ಷದವರ ಕಥೆ. ಭಂಡಾರ ಮುಚ್ಚಿದ್ದರಿಂದ ನೊಂದ ಓದುಗರೂ ಬರಹಗಾರರೂ ಕೈಕಟ್ಟಿ ಕೂರಲಿಲ್ಲ. ಷಿಯಾವೊ ಜಾನ್ ಜಾಹೀರಾತು ನೀಡುತ್ತಿದ್ದ ವಸ್ತುಗಳನ್ನೆಲ್ಲ ಬಹಿಷ್ಕರಿಸಬೇಕೆಂದು ಕರೆಕೊಟ್ಟರು, ಆತ ನಟಿಸಿದ ಧಾರಾವಾಹಿಗಳಿಗೆ ಗುಂಪಾಗಿ ಒಂದೊಂದೇ ನಕ್ಷತ್ರ ಕೊಟ್ಟು ಕೆಳಗಿಳಿಸಿದರು. ನಟನ ಕಚೇರಿ ಮಾರ್ಚ್ 1ರಂದೇ ಕ್ಷಮೆ ಕೋರಿದರೂ ಬಹಿಷ್ಕಾರ ನಿಲ್ಲಲಿಲ್ಲ. ತನ್ನ ಅಭಿಮಾನಿಗಳನ್ನು ಆತ ತಡೆಯಲಿಲ್ಲವೆಂಬುದು ಅವನ ಮೇಲಿನ ಆರೋಪ. ಬರೆಯದ ಕಥೆಗೂ ಕೊಡದ ದೂರಿಗೂ ಒಬ್ಬ ನಟನಿಗೆ ತಿಂಗಳುಗಟ್ಟಲೆ ದಂಡನೆ. ಸ್ವಾತಂತ್ರ್ಯದ ಹೆಸರಿನಲ್ಲಿ ಹೊರಟವರ ಆಯುಧಗಳೂ ಎಣಿಕೆ, ಗುಂಪು, ಒತ್ತಡ ಇವೇ ಆಗಿದ್ದವು. ಅವರ ದುಃಖ ನಿಜ. ಆದರೆ ಸರ್ಕಾರವನ್ನು ಕೇಳಲಾಗದ ಪ್ರಶ್ನೆಯನ್ನು ಅವರು ನಟನನ್ನು ಕೇಳಿದರು. ಕೇಳಬಹುದಾದ ವಿಳಾಸ ಅದೊಂದೇ ಇತ್ತೆಂಬುದನ್ನೂ ಮರೆಯುವಂತಿಲ್ಲ.

ಈ ಗದ್ದಲದಲ್ಲಿ ಸದ್ದಿಲ್ಲದೆ ಸೋತವರು ಬೇರೆ. ಚೀನದಲ್ಲಿ ಸಲಿಂಗಸಂಬಂಧ 1997ರಿಂದ ಅಪರಾಧವಲ್ಲ. 2001ರಿಂದ ಮನೋರೋಗಗಳ ಪಟ್ಟಿಯಲ್ಲಿಯೂ ಅದಿಲ್ಲ. ಆದರೆ ಅದನ್ನು ಕುರಿತು ಮಾತನಾಡುವ ಸ್ಥಳಗಳು ಒಂದೊಂದಾಗಿ ಕಿರಿದಾಗುತ್ತ ಬಂದಿವೆ. 2018ರ ಏಪ್ರಿಲ್ 13ರಂದು ವೀಬೊ ಸಂಸ್ಥೆ ಸಲಿಂಗಪ್ರೇಮದ ವಿಷಯಗಳನ್ನೆಲ್ಲ ಮೂರು ತಿಂಗಳಲ್ಲಿ ಗುಡಿಸಿಹಾಕುವುದಾಗಿ ಸಾರಿದಾಗ, ‘ನಾನು ಸಲಿಂಗಾನುರಾಗಿ’ ಎಂದು ಅಸಂಖ್ಯಾತ ಜನ ಬಹಿರಂಗವಾಗಿ ಬರೆದರು. ಮೂರೇ ದಿನದಲ್ಲಿ ಸಂಸ್ಥೆ ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು. ಅಂಥ ಗೆಲವು ಮತ್ತೆ ದೊರೆಯಲಿಲ್ಲ. 2021ರ ಜುಲೈನಲ್ಲಿ ವಿಶ್ವವಿದ್ಯಾಲಯಗಳ ಲೈಂಗಿಕ ಅಲ್ಪಸಂಖ್ಯಾತ ವಿದ್ಯಾರ್ಥಿಕೂಟಗಳ ಹತ್ತಾರು ಖಾತೆಗಳನ್ನು ‘ವೀಚಾಟ್’ ಒಂದೇ ರಾತ್ರಿ ಅಳಿಸಿಹಾಕಿತು. 2023ರ ಮೇ ತಿಂಗಳಲ್ಲಿ ಬೀಜಿಂಗಿನ ಅವರ ಕೇಂದ್ರ ಮುಚ್ಚಿತು. ಕೂಟಗಳು ಒಂದೊಂದಾಗಿ ಮುಚ್ಚುವ ಕಡೆ ಕಥೆಯ ಸಂದುಗಳೇ ಆಶ್ರಯ. ಜಗಳವಾಡಿದ ಎರಡು ಪಂಗಡಗಳಿಗೂ ಇದರ ಪರಿವೆ ಇದ್ದಂತೆ ತೋರಲಿಲ್ಲ.

ಇದೆಲ್ಲ ನಿರಂಕುಶ ರಾಜ್ಯದ ಕಥೆ, ಪ್ರಜಾಪ್ರಭುತ್ವದಲ್ಲಿ ಹೀಗಾಗದು ಎಂದು ಯಾರಾದರೂ ಸಮಾಧಾನ ತಂದುಕೊಂಡರೆ, ಅವರು ಇಂಗ್ಲೆಂಡಿನ ಕಡೆ ನೋಡಬಹುದು. ಆಲಿಸ್ ಓಸ್‌ಮನ್ ಎಂಬ ಲೇಖಕಿ 2016ರಲ್ಲಿ ಜಾಲತಾಣದಲ್ಲಿ ಪುಟಪುಟವಾಗಿ ಹಾಕಲಾರಂಭಿಸಿದ ‘ಹಾರ್ಟ್‌ಸ್ಟಾಪರ್’ ಎಂಬ ಚಿತ್ರಕಥೆ ಇಬ್ಬರು ಶಾಲಾಬಾಲಕರ ಮೃದುವಾದ ಪ್ರೇಮವನ್ನು ಕುರಿತದ್ದು. 2022ರ ಏಪ್ರಿಲ್‌ನಲ್ಲಿ ಅದು ಧಾರಾವಾಹಿಯಾಗಿ ಬಂದು ಅಪಾರ ಪ್ರೀತಿ ಗಳಿಸಿತು. ಇಲ್ಲಿ ಕತ್ತರಿ ಹಿಡಿದ ಅಧಿಕಾರಿಯಿಲ್ಲ, ಬೀಗವಿಲ್ಲ. ಆದರೆ ನಾಯಕನ ಪಾತ್ರಧಾರಿ ಕಿಟ್ ಕಾನರ್ ಎಂಬ ಹುಡುಗನ ನಿಜವಾದ ಒಲವು ಯಾವುದೆಂದು ಅಭಿಮಾನಿಗಳು ತನಿಖೆ ನಡೆಸಿದರು. ಅಲ್ಪಸಂಖ್ಯಾತರ ಕಥೆಯನ್ನು ಬಳಸಿಕೊಂಡು ಹೆಸರು ಮಾಡುವ ಹೊರಗಿನವನಲ್ಲವೆ ಇವನು ಎಂದು ಕೆಲವರು ಕೂಗಿದರು. ಅದೇ ವರ್ಷ ಅಕ್ಟೋಬರ್ 31ರಂದು, 18 ವರ್ಷದ ಆ ತರುಣ ತಾನು ಉಭಯಲಿಂಗಾನುರಾಗಿಯೆಂದೂ, ಇದನ್ನು ಹೇಳುವಂತೆ ತನ್ನನ್ನು ಬಲವಂತಪಡಿಸಿದವರು ಆ ಕಥೆಯ ಸಾರವನ್ನೇ ಅರಿತಿಲ್ಲವೆಂದೂ ನಾಲ್ಕು ಸಾಲು ಬರೆದು ಸುಮ್ಮನಾದ. ಅವನ ಮಾತಿಗೆ ನಾವು ಸೇರಿಸಬೇಕಾದದ್ದೇನೂ ಇಲ್ಲ. ಕಥೆಯಲ್ಲಿ ಆ ಬಾಲಕನಿಗೆ ತನ್ನ ಹೊತ್ತಿನಲ್ಲಿ ತಾನೇ ಹೇಳಿಕೊಳ್ಳುವ ಅವಕಾಶವಿದೆ. ಅದೇ ಆ ಕಥೆಯ ಚೆಲುವು.

ಈ ಸಂದರ್ಭದಲ್ಲಿ ನಮ್ಮ ನಾಡಿನದೊಂದು ಹೆಸರು ನೆನಪಿಗೆ ಬರುತ್ತದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅದರಿಂದ ಹುಟ್ಟಿದ ಪ್ರಶ್ನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಉತ್ತರ ಕೊಟ್ಟು, ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಮಾನಿಸಿತು. ವ್ಯಕ್ತಿಯ ಲೈಂಗಿಕ ಒಲವು ಆ ಖಾಸಗಿತನದ ಅವಿಭಾಜ್ಯ ಅಂಗವೆಂದೂ ಹೇಳಿತು. ಮರುವರ್ಷ ಸೆಪ್ಟೆಂಬರ್ 6ರಂದು 377ನೆಯ ವಿಧಿಯ ಕೋರೆಹಲ್ಲನ್ನು ಕಿತ್ತ ತೀರ್ಪಿಗೆ ಇದು ಬುನಾದಿಯಾಯಿತು. ಆದರೆ ಆ ಹಕ್ಕಿರುವುದು ಮುಖ್ಯವಾಗಿ ರಾಜ್ಯದ ವಿರುದ್ಧ. ಮೆಚ್ಚಿಕೊಂಡೇ ಮೈಮೇಲೆ ಬೀಳುವವರ ವಿರುದ್ಧ ಯಾವ ನ್ಯಾಯಾಲಯದಲ್ಲಿ ಮೊರೆಯಿಡುವುದು? ‘ನೀನು ನಮ್ಮವನೋ ಅಲ್ಲವೋ, ಪುರಾವೆ ತೋರಿಸು’ ಎಂದು ಕೇಳುವವರು ತಮ್ಮನ್ನು ಪ್ರಗತಿಪರರೆಂದೇ ನಂಬಿರುತ್ತಾರೆ. ಚೀನದ ಅಭಿಮಾನಿಗಳು ತಮ್ಮ ನಟನಿಗೆ ಆ ಬಣ್ಣ ತಾಗಲೇಬಾರದೆಂದರು. ಇಂಗ್ಲೆಂಡಿನವರು ಆ ಬಣ್ಣ ಇದೆಯೋ ಇಲ್ಲವೋ ತೋರಿಸೆಂದರು. ಎರಡೂ ಕಡೆ ಮನುಷ್ಯನ ಅಂತರಂಗ ಅಭಿಮಾನಿಯ ಆಸ್ತಿ.

ಚೀನದ ಬರಹಗಾರ್ತಿಯರ ಸ್ಥಿತಿ ಈಚೆಗೆ ಇನ್ನೂ ಬಿಗಡಾಯಿಸಿದೆ. 2018ರ ಅಕ್ಟೋಬರ್‌ನಲ್ಲಿಯೇ ಆನ್‌ಹುಯಿ ಪ್ರಾಂತದ ನ್ಯಾಯಾಲಯವೊಂದು ‘ತ್ಯಾನ್‌ಯೀ’ ಎಂಬ ಕಾವ್ಯನಾಮದ ಲೇಖಕಿಗೆ, ಗಂಡು ಗಂಡಿನ ಸಂಬಂಧದ ಕಾದಂಬರಿಯೊಂದರ 7,000ಕ್ಕೂ ಹೆಚ್ಚು ಪ್ರತಿ ಮಾರಿದ ಅಪರಾಧಕ್ಕಾಗಿ ಹತ್ತೂವರೆ ವರ್ಷಗಳ ಸೆರೆಮನೆಯನ್ನು ವಿಧಿಸಿತ್ತು. ಕೊಲೆಗಡುಕರಿಗೂ ಕೆಲವು ವೇಳೆ ಇಷ್ಟು ಶಿಕ್ಷೆಯಾಗುವುದಿಲ್ಲವೆಂದು ಅಲ್ಲಿನ ಜನರೇ ಆಗ ಬೆರಗಾದರು. ದೇಶದೊಳಗಿನ ತಾಣಗಳು ಬಿಗಿಯಾದಂತೆ ಎಷ್ಟೋ ಜನ ತೈವಾನಿನ ತಾಣವೊಂದಕ್ಕೆ ಬರೆಯತೊಡಗಿದರು. 2024ರಲ್ಲಿ ಆನ್‌ಹುಯಿಯ ಪೊಲೀಸರೂ, 2025ರಲ್ಲಿ ವಾಯವ್ಯದ ಲಾನ್‌ಝೌ ನಗರದ ಪೊಲೀಸರೂ ಅಲ್ಲಿ ಬರೆದವರನ್ನು ಹುಡುಕಿ ಹಿಡಿದರು. ಲಾನ್‌ಝೌ ಪೊಲೀಸರು ದೂರದೂರದ ಊರುಗಳಿಂದ ಕರೆಸಿಕೊಂಡವರಲ್ಲಿ ಹೆಚ್ಚಿನವರು ಇಪ್ಪತ್ತರ ಹರೆಯದ ಹೆಣ್ಣುಮಕ್ಕಳು, ಕೆಲವರು ವಿದ್ಯಾರ್ಥಿನಿಯರು. ಹಲವರು ಬರವಣಿಗೆಯಿಂದ ಗಳಿಸಿದ್ದು ಅತ್ಯಲ್ಪ. ತಮಗಾದದ್ದನ್ನು ಕೆಲವರು ವೀಬೊದಲ್ಲಿ ಬರೆದುಕೊಂಡರು. ವಕೀಲರು ಉಚಿತವಾಗಿ ಸಲಹೆ ಕೊಡಲು ಮುಂದೆ ಬಂದರು, ಓದುಗರು ಸಹಾನುಭೂತಿ ಹೇಳಿದರು. ಸ್ವಲ್ಪ ದಿನಗಳಲ್ಲಿ ಆ ಬರಹಗಳಲ್ಲಿಯೂ ಎಷ್ಟೋ ಅಳಿಸಿಹೋದವು.